ಸಾಕ್ಷ್ಯಚಿತ್ರದ ಎಡಿಟರ್ ಆಗಿ, ಆಮೇಲೆ ನಿರ್ಮಾಪಕರಾಗಿ: ಕೆಲಸ ಕಲಿಯುವ ದಾರಿ

‘ಸಾಕ್ಷ್ಯಚಿತ್ರ ಎಡಿಟಿಂಗ್ ಕಲೀಬೇಕು, ಯಾವ ಸಾಫ್ಟ್‌ವೇರ್ ಹಾಕ್ಕೊಳ್ಲಿ?’ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ‘ಎಡಿಟರ್ ಆದವರು ನಿರ್ಮಾಪಕರೂ ಆಗಬಹುದಾ? ಅಷ್ಟು ದುಡ್ಡು ಎಲ್ಲಿಂದ ತರೋದು?’

ಎರಡನೆಯದಕ್ಕೆ ಮೊದಲು ಉತ್ತರ. ನಮ್ಮಲ್ಲಿ ನಿರ್ಮಾಪಕ ಎಂದರೆ ಗಾಂಧಿನಗರದಲ್ಲಿ ಬಂಡವಾಳ ಹಾಕುವವರು ಎಂಬ ಅರ್ಥ ಗಟ್ಟಿಯಾಗಿ ಕೂತುಬಿಟ್ಟಿದೆ. ಸಾಕ್ಷ್ಯಚಿತ್ರದಲ್ಲಿ ಹಾಗಿಲ್ಲ. ಹಣ ಎಲ್ಲಿಂದ ಬರಬೇಕೆಂದು ಹುಡುಕುವುದು, ಬಂದ ಹಣಕ್ಕೆ ಲೆಕ್ಕ ಇಡುವುದು, ಅನುಮತಿ ಪತ್ರ, ಒಪ್ಪಿಗೆ ಪತ್ರ, ಹಾಡಿನ ಹಕ್ಕು, ಗಡುವು ಇವನ್ನೆಲ್ಲ ನೋಡಿಕೊಳ್ಳುವುದು ಇಲ್ಲಿ ನಿರ್ಮಾಪಕರ ಕೆಲಸ. ಸ್ವಂತ ದುಡ್ಡು ಹಾಕಲೇಬೇಕೆಂದಿಲ್ಲ. ಈ ಕೆಲಸಕ್ಕೆ ಎಡಿಟಿಂಗ್ ಕೋಣೆಗಿಂತ ಒಳ್ಳೆಯ ಶಾಲೆ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಶೂಟಿಂಗ್‌ನಲ್ಲಿ ಯಾವುದು ತಪ್ಪಿಹೋಯಿತು, ಯಾವ ಕಾಗದಕ್ಕೆ ಸಹಿ ಆಗಲಿಲ್ಲ ಎಂಬುದೆಲ್ಲ ಕೊನೆಗೆ ಬಂದು ಬೀಳುವುದು ಎಡಿಟರ್ ಮೇಜಿನ ಮೇಲೆ. ಆ ಕೊರತೆಗಳ ಪಟ್ಟಿ ಇಡುವ ಅಭ್ಯಾಸವಿದ್ದವರು ಅರ್ಧ ನಿರ್ಮಾಪಕರಾದಂತೆಯೇ.

ವಿವರಿಸಲು ಅನುಕೂಲವಾಗಲೆಂದು ಒಂದು ಚಿತ್ರವನ್ನು ಕಲ್ಪಿಸಿಕೊಳ್ಳೋಣ. ವಿಷಯ ಇಳಕಲ್ ಸೀರೆ ನೇಯುವ ಕುಣಿ ಮಗ್ಗದ ಕುಟುಂಬಗಳು. ಚಿತ್ರೀಕರಿಸಿದ ಫುಟೇಜ್ 60 ಗಂಟೆ, ಅದರಲ್ಲಿ ಸಂದರ್ಶನ 20 ಗಂಟೆ. ಮುಗಿದ ಚಿತ್ರ 52 ನಿಮಿಷ ಇರಬೇಕು. ಟಿವಿಯವರು ‘ಒಂದು ಗಂಟೆ’ ಎನ್ನುವ ಸ್ಲಾಟ್ ಸಾಮಾನ್ಯವಾಗಿ ಇಷ್ಟೇ.

ಏನೇನು ಬೇಕು

16 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್‌ನಲ್ಲಿ ಶುರು ಮಾಡಬಹುದು, 32 ಇದ್ದರೆ ನಿರಾಳ. ಸಾಫ್ಟ್‌ವೇರ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಕೆಲವು ಕ್ಯಾಮೆರಾಗಳ 10 ಬಿಟ್ (ಬಣ್ಣದ ವಿವರ ಹೆಚ್ಚಿರುವ) ಫೈಲುಗಳನ್ನು ಅದು ತೆರೆಯದೆ ಇರಬಹುದು, ಅದಕ್ಕೆ ಪರಿಹಾರ ಮುಂದೆ ಹೇಳುತ್ತೇವೆ. ಒಳ್ಳೆಯ ಹೆಡ್‌ಫೋನ್ ಒಂದು, 2 ಟಿಬಿ ಎಸ್‌ಎಸ್‌ಡಿ ಒಂದು, 4 ಟಿಬಿ ಹಾರ್ಡ್‌ಡಿಸ್ಕ್ ಮೂರು. ಕೈಯಲ್ಲಿ ದುಡ್ಡಿದೆ ಎಂದು ಕ್ಯಾಮೆರಾ ಕೊಳ್ಳಬೇಡಿ. ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ, ಅಳಿಸಿಹೋದ ಫುಟೇಜ್ ಯಾವ ಬಾಡಿಗೆಗೂ ಸಿಗುವುದಿಲ್ಲ.

ಹಂತ 1: ಮೊದಲು ಅಸಿಸ್ಟೆಂಟ್ ಆಗಿ

ಶಾಸ್ತ್ರೀಯವಾಗಿ ಕಲಿಯುವ ಮನಸ್ಸಿದ್ದರೆ ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಎಫ್‌ಟಿಐಐ (1960ರಲ್ಲಿ ಶುರುವಾದದ್ದು), ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ (1995) ಎರಡರಲ್ಲೂ ಸಂಕಲನಕ್ಕೇ ಪ್ರತ್ಯೇಕ ವಿಭಾಗವಿದೆ. ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿರುವ ಸರ್ಕಾರಿ ಸಂಸ್ಥೆ ಕ್ಯಾಮೆರಾ ಮತ್ತು ಧ್ವನಿಗ್ರಹಣಕ್ಕೆ ಹೆಸರಾದದ್ದು. ಕೋರ್ಸ್ ಮಾಡದವರಿಗೂ ದಾರಿ ಉಂಟು: ಸ್ವಯಂಸೇವಾ ಸಂಸ್ಥೆಗಳ ಚಿತ್ರ, ವನ್ಯಜೀವಿ ಚಿತ್ರ, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಡಿಯೊ. ಈ ಮೂರಕ್ಕೂ ಬೆಂಗಳೂರಿನಲ್ಲಿ ಕೆಲಸಗಾರರು ಬೇಕಾಗುತ್ತಾರೆ. ‘ಎಡಿಟರ್’ ಎಂದು ಹೇಳಿಕೊಂಡು ಹೋಗುವುದಕ್ಕಿಂತ ‘ಸಿಂಕ್, ಲಾಗಿಂಗ್, ಸಬ್‌ಟೈಟಲ್ ಮಾಡಿಕೊಡ್ತೀನಿ’ ಎಂದು ಹೋದರೆ ಬಾಗಿಲು ಬೇಗ ತೆರೆಯುತ್ತದೆ. ಸಿಂಕ್ ಎಂದರೆ ಬೇರೆಯಾಗಿ ರೆಕಾರ್ಡ್ ಆದ ಧ್ವನಿಯನ್ನು ದೃಶ್ಯಕ್ಕೆ ಹೊಂದಿಸುವುದು, ಲಾಗಿಂಗ್ ಎಂದರೆ ಯಾವ ಕ್ಲಿಪ್‌ನಲ್ಲಿ ಏನಿದೆ ಎಂದು ಬರೆದಿಡುವುದು. ಕನ್ನಡದ ಸಂದರ್ಶನವನ್ನು ಸರಿಯಾಗಿ ಬರೆದು ಅನುವಾದಿಸಬಲ್ಲ ಅಸಿಸ್ಟೆಂಟ್‌ಗಾಗಿ ಹೊರರಾಜ್ಯದ, ಹೊರದೇಶದ ನಿರ್ದೇಶಕರೂ ಹುಡುಕಾಡುತ್ತಾರೆ.

ಹಂತ 2: ಫುಟೇಜ್ ಇಳಿಸಿ, ಪ್ರತಿ ಮಾಡಿ

ಇಲ್ಲಿ ಲೆಕ್ಕ ಸರಳ. 4ಕೆ ಕ್ಯಾಮೆರಾ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ವೇಗದಲ್ಲಿ ಬರೆಯುತ್ತಿದ್ದರೆ ಗಂಟೆಗೆ 45 ಜಿಬಿ. 60 ಗಂಟೆಗೆ 2.7 ಟಿಬಿ. ಇದು ಪೂರ್ತಿಯಾಗಿ ಮೂರು ಡಿಸ್ಕ್‌ಗಳಲ್ಲೂ ಇರಬೇಕು, ಒಂದು ಡಿಸ್ಕ್ ಬೇರೆ ಮನೆಯಲ್ಲಿರಬೇಕು. ಕಳ್ಳತನ, ನೀರು, ಶಾರ್ಟ್ ಸರ್ಕ್ಯೂಟ್ ಯಾವುದೂ ಒಂದೇ ಡಿಸ್ಕ್ ಆರಿಸಿಕೊಂಡು ಬರುವುದಿಲ್ಲ.

ಕಾರ್ಡ್‌ನಿಂದ ಫೈಲುಗಳನ್ನು ಎಳೆದು ಬಿಡುವುದು ಪ್ರತಿ ಮಾಡಿದಂತಲ್ಲ. ಚೆಕ್‌ಸಮ್ ನೋಡುವ ವಿಧಾನ ಬಳಸಿ. ಚೆಕ್‌ಸಮ್ ಎಂದರೆ ಫೈಲಿನ ಒಳಗಿನ ದತ್ತಾಂಶದಿಂದ ಲೆಕ್ಕ ಹಾಕಿ ತೆಗೆದ ಒಂದು ಗುರುತಿನ ಸಂಖ್ಯೆ. ಮೂಲ ಮತ್ತು ಪ್ರತಿ ಎರಡರಲ್ಲೂ ಅದು ಒಂದೇ ಬಂದರೆ ಪ್ರತಿ ಸರಿಯಾಗಿದೆ ಎಂದರ್ಥ. ರಿಸಾಲ್ವ್‌ನೊಳಗಿನ ಕ್ಲೋನ್ ಟೂಲ್ ಇದನ್ನು ಪುಕ್ಕಟೆ ಮಾಡಿಕೊಡುತ್ತದೆ. ಕಾರ್ಡ್‌ನಲ್ಲಿರುವ ಇಡೀ ಫೋಲ್ಡರ್ ರಚನೆಯನ್ನೇ ಇಳಿಸಿ. ಒಳಗಿನ ವಿಡಿಯೊ ಫೈಲುಗಳನ್ನಷ್ಟೇ ಹೆಕ್ಕಿಕೊಂಡರೆ ಕೆಲವು ಕ್ಯಾಮೆರಾಗಳಲ್ಲಿ ಟೈಮ್‌ಕೋಡ್ ಕಳೆದುಹೋಗುತ್ತದೆ. ಟೈಮ್‌ಕೋಡ್ ಎಂದರೆ ಪ್ರತಿ ಫ್ರೇಮ್‌ಗೂ ಇರುವ ಗಂಟೆ-ನಿಮಿಷ-ಸೆಕೆಂಡ್-ಫ್ರೇಮ್ ವಿಳಾಸ.

ಆಮೇಲೆ ಪ್ರಾಕ್ಸಿ. ಅಂದರೆ ಎಡಿಟಿಂಗ್‌ಗೆಂದು ಮಾಡಿಕೊಳ್ಳುವ ಹಗುರ ಪ್ರತಿ. 1080 ಗಾತ್ರದ ‘ಪ್ರೊರೆಸ್ ಪ್ರಾಕ್ಸಿ’ (ಎಡಿಟಿಂಗ್‌ಗೆ ಹೊಂದುವ ಒಂದು ವಿಡಿಯೊ ಫೈಲ್ ಮಾದರಿ) ಸೆಕೆಂಡಿಗೆ 25 ಫ್ರೇಮ್ ವೇಗದಲ್ಲಿ ಗಂಟೆಗೆ ಸುಮಾರು 17 ಜಿಬಿ ಹಿಡಿಯುತ್ತದೆ. 60 ಗಂಟೆಗೆ ಒಂದು ಟಿಬಿ ಆಯಿತು, ಎಸ್‌ಎಸ್‌ಡಿಯಲ್ಲಿ ಆರಾಮವಾಗಿ ಕೂರುತ್ತದೆ. ಮೇಲೆ ಹೇಳಿದ ತೆರೆಯದ ಫೈಲುಗಳಿಗೆ ಪ್ರಾಕ್ಸಿಯೊಂದೇ ಸಾಲದು, ಕೊನೆಗೆ ಮರುಜೋಡಿಸಲು ರಿಸಾಲ್ವ್ ತೆರೆಯಬಲ್ಲ ಪೂರ್ಣ ಗುಣಮಟ್ಟದ ಪ್ರತಿಯೂ ಬೇಕು: ಶಟರ್ ಎನ್‌ಕೋಡರ್‌ನಂಥ ಉಚಿತ ತಂತ್ರಾಂಶದಲ್ಲಿ ಪರಿವರ್ತಿಸಿಕೊಳ್ಳಿ. ಪ್ರಾಕ್ಸಿಯ ಹೆಸರು, ಫ್ರೇಮ್ ವೇಗ, ಟೈಮ್‌ಕೋಡ್, ಆಡಿಯೊ ಚಾನೆಲ್‌ಗಳ ಸಂಖ್ಯೆ ಮೂಲದಂತೆಯೇ ಇರಲಿ. ಇವುಗಳಲ್ಲಿ ಒಂದು ಬದಲಾದರೂ ಕೊನೆಗೆ ಮೂಲ ಫೈಲಿಗೆ ಮರುಜೋಡಣೆ ಮಾಡುವಾಗ ಪರದಾಡುತ್ತೀರಿ.

ಎಚ್ಚರ: ಮೊಬೈಲ್‌ನಲ್ಲಿ ತೆಗೆದ ದೃಶ್ಯಗಳ ಫ್ರೇಮ್ ವೇಗ ಸಾಮಾನ್ಯವಾಗಿ ಸ್ಥಿರವಾಗಿರುವುದಿಲ್ಲ. ಹಾಗೇ ಟೈಮ್‌ಲೈನ್‌ಗೆ (ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ) ಹಾಕಿದರೆ ಹತ್ತು ನಿಮಿಷದ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಮೊದಲೇ 25 ಸ್ಥಿರ ಫ್ರೇಮ್‌ಗೆ ಪರಿವರ್ತಿಸಿಕೊಳ್ಳಿ. 25 ಯಾಕೆಂದರೆ ನಮ್ಮ ಕರೆಂಟ್ 50 ಹರ್ಟ್ಸ್. 25 ಫ್ರೇಮ್, 1/50 ಸೆಕೆಂಡಿನ ಶಟರ್ ಇಟ್ಟರೆ ಟ್ಯೂಬ್‌ಲೈಟ್ ಮಿಣುಕುವುದಿಲ್ಲ. ಹೊಸ ಶೂಟಿಂಗ್‌ಗೆ ಹೋಗುವವರಿಗೆ ಇದನ್ನು ಚೀಟಿಯಲ್ಲಿ ಬರೆದುಕೊಡಿ.

ಹಂತ 3: ನೋಡಿ, ಬರೆದಿಡಿ

ಬೇಸರದ ಕೆಲಸ ನಿಜ, ಆದರೆ ಚಿತ್ರ ಹುಟ್ಟುವುದು ಇಲ್ಲೇ. 40 ಗಂಟೆಯ ದೃಶ್ಯಗಳನ್ನು ಟಿಪ್ಪಣಿ ಮಾಡಿಕೊಳ್ಳುತ್ತ ನೋಡಲು 60 ಗಂಟೆ ಇಟ್ಟುಕೊಳ್ಳಿ. ಸಂದರ್ಶನದ ಒಂದು ಗಂಟೆಯನ್ನು ಬರಹಕ್ಕೆ ಇಳಿಸಲು ಐದು ಗಂಟೆ ಹಿಡಿಯುತ್ತದೆ, ಅಂದರೆ 20 ಗಂಟೆಗೆ 100. ಒಟ್ಟು 160 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ 20 ದಿನ, ವಾರಕ್ಕೆ ಐದು ದಿನ ಕೆಲಸ ಮಾಡಿದರೆ ನಾಲ್ಕು ವಾರ. ‘ಎಡಿಟಿಂಗ್‌ಗೆ ಒಂದು ತಿಂಗಳು ಸಾಕಲ್ವಾ?’ ಎನ್ನುವವರ ಮುಂದೆ ಈ ಲೆಕ್ಕ ಇಡಿ.

ಯಂತ್ರದಿಂದ ಬರೆಸುವ ತಂತ್ರಾಂಶಗಳು ಈಗ ಕನ್ನಡಕ್ಕೂ ಇವೆ. ಪುಸ್ತಕದ ಕನ್ನಡಕ್ಕೆ ಪರವಾಗಿಲ್ಲ. ಮಗ್ಗದ ಸದ್ದಿನ ನಡುವೆ ಬಾಗಲಕೋಟೆ ಕಡೆಯ ಮಾತು ಬಂತೆಂದರೆ ಎಡವುತ್ತವೆ. ಅದನ್ನು ಕರಡೆಂದು ತೆಗೆದುಕೊಂಡು ಕಿವಿಯಿಂದ ಕೇಳಿ ತಿದ್ದಿ. ತಿದ್ದುವಾಗ ಭಾಷೆಯನ್ನು ‘ಶುದ್ಧ’ ಮಾಡಬೇಡಿ. ‘ಮಗ್ಗದಾಗ ಕುಂತ್ರ ಹೊತ್ತ ಹೋಗೂದ ಗೊತ್ತಾಗಂಗಿಲ್ಲ’ ಎಂದು ಹೇಳಿದ್ದರೆ ಹಾಗೆಯೇ ಇರಲಿ. ‘ಮಗ್ಗದಲ್ಲಿ ಕುಳಿತರೆ ಸಮಯ ಸರಿಯುವುದು ತಿಳಿಯುವುದಿಲ್ಲ’ ಎಂದು ಬರೆದಿಟ್ಟರೆ ಎರಡು ತಿಂಗಳ ನಂತರ ‘ಹೊತ್ತ’ ಎಂದು ಹುಡುಕಿದಾಗ ಕ್ಲಿಪ್ ಸಿಗುವುದಿಲ್ಲ. ಎಲ್ಲಿ ಉಸಿರು ತೆಗೆದುಕೊಂಡರು, ಎಲ್ಲಿ ಕತ್ತರಿಸಬಹುದು ಎಂಬುದೂ ಆ ಬರಹದಿಂದ ಗೊತ್ತಾಗುವುದಿಲ್ಲ.

ಲಾಗ್ ಶೀಟ್‌ಗೆ ಆರು ಕಾಲಂ ಸಾಕು: ಕ್ಲಿಪ್ ಹೆಸರು, ಟೈಮ್‌ಕೋಡ್, ಯಾರು ಮತ್ತು ಎಲ್ಲಿ, ಏನು ನಡೆಯುತ್ತದೆ, ಧ್ವನಿ ಹೇಗಿದೆ, ಒಪ್ಪಿಗೆ ಪತ್ರ ಇದೆಯೇ. ಕೊನೆಯ ಕಾಲಂ ಸಾಮಾನ್ಯ ಲಾಗ್ ಶೀಟ್‌ಗಳಲ್ಲಿ ಇರುವುದಿಲ್ಲ. ಅದನ್ನು ಮೊದಲ ದಿನವೇ ಹಾಕಿ.

ಹಂತ 4: ಕಟ್

ಮೊದಲು ಕಾಗದದ ಮೇಲೆ ಕಟ್ಟಿ. ಒಂದೊಂದು ದೃಶ್ಯಕ್ಕೆ ಒಂದೊಂದು ಚೀಟಿ, ಗೋಡೆಗೆ ಅಂಟಿಸಿ, ಹಿಂದೆಮುಂದೆ ಮಾಡಿ ನೋಡಿ. ಆಮೇಲೆ ಅಸೆಂಬ್ಲಿ, ಅಂದರೆ ಆರಿಸಿದ್ದನ್ನೆಲ್ಲ ಸಾಲಾಗಿ ಜೋಡಿಸಿದ ಉದ್ದನೆಯ ಮೊದಲ ರೂಪ. ಮೂರು ಗಂಟೆಯಾದರೂ ಗಾಬರಿ ಬೇಡ, ಅದಕ್ಕೆ ಮೂರು ವಾರ ಕೊಡಿ. ಕಥೆಯ ಹದ ಬರುವಂತೆ ಒರಟಾಗಿ ಕತ್ತರಿಸಿದ ರಫ್ ಕಟ್‌ಗೆ ಐದು ವಾರ, ಆಗ ಚಿತ್ರ 90 ನಿಮಿಷಕ್ಕೆ ಇಳಿದಿರಬೇಕು. ನಯಗೊಳಿಸಿದ ಫೈನ್ ಕಟ್‌ಗೆ ನಾಲ್ಕು ವಾರ, ಆಗ 52. ಲಾಗಿಂಗ್ ಸೇರಿ ಹದಿನಾರು ವಾರ.

ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಮೊದಲ ಐದು ನಿಮಿಷವನ್ನು ತಿಂಗಳುಗಟ್ಟಲೆ ಉಜ್ಜುವುದು. ಚಿತ್ರದ ಕೊನೆ ಗೊತ್ತಾಗುವ ತನಕ ಆರಂಭ ಗೊತ್ತಾಗುವುದಿಲ್ಲ. ಆ ಐದು ನಿಮಿಷ ಹೇಗೂ ಬದಲಾಗುತ್ತದೆ.

ಕನ್ನಡ ಮಾತನ್ನು ಕತ್ತರಿಸುವಾಗ ವಿಶೇಷ ಎಚ್ಚರ ಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಇಲ್ಲ’ ಅದರ ಬಾಲದಲ್ಲಿರುತ್ತದೆ. ನೇಕಾರರೊಬ್ಬರು ‘ನಾವು ಮಗ್ಗಾ ಬಿಡ್ತೀವಿ ಅಂತ ಯಾವಾಗೂ ಅಂದಿಲ್ರೀ’ ಎಂದರು ಅಂದುಕೊಳ್ಳಿ. ‘ಬಿಡ್ತೀವಿ’ ಎಂಬಲ್ಲಿ ಅವರು ಒಂದು ಕ್ಷಣ ನಿಂತಿದ್ದಾರೆ, ಧ್ವನಿತರಂಗದಲ್ಲಿ ಚಂದದ ಖಾಲಿ ಜಾಗ ಕಾಣುತ್ತದೆ. ಭಾಷೆ ಬಾರದ ಎಡಿಟರ್ ಅಲ್ಲೇ ಕತ್ತರಿ ಹಾಕಿದರೆ ಅರ್ಥ ತಲೆಕೆಳಗು, ಮನುಷ್ಯ ಹೇಳದ್ದನ್ನು ಹೇಳಿದಂತಾಯಿತು. ಇದಕ್ಕೆ ವಿರುದ್ಧವಾದ ತಪ್ಪು ಸಬ್‌ಟೈಟಲ್‌ನಲ್ಲಿ ಆಗುತ್ತದೆ. ಇಂಗ್ಲಿಷ್ ಸಾಲಿನಲ್ಲಿ ನಿಷೇಧ ಮೊದಲೇ ಬಂದುಬಿಡುವುದರಿಂದ ಅವರಿನ್ನೂ ‘ಮಗ್ಗಾ’ ಎನ್ನುತ್ತಿರುವಾಗಲೇ ನೋಡುಗರಿಗೆ ‘ಇಲ್ಲ’ ಗೊತ್ತಾಗಿರುತ್ತದೆ. ಇಂಥ ಕಡೆ ಸಾಲನ್ನು ಎರಡಾಗಿ ಒಡೆದು, ನಿಷೇಧವಿರುವ ಭಾಗವನ್ನು ಎರಡನೆಯದಕ್ಕೆ ತಳ್ಳಿ. ಸಬ್‌ಟೈಟಲ್‌ಗೆ ಒಮ್ಮೆಗೆ ಎರಡೇ ಸಾಲು, ಸಾಲಿಗೆ 42ಕ್ಕಿಂತ ಹೆಚ್ಚು ಅಕ್ಷರ ಬೇಡ, ಒಂದು ಸೆಕೆಂಡಿಗಿಂತ ಕಡಿಮೆ ನಿಲ್ಲಿಸಬೇಡಿ.

ಮತ್ತೊಂದು ತೊಂದರೆ ರೇಡಿಯೊ. ಚಹಾ ಅಂಗಡಿಯ ಸಂದರ್ಶನದ ಹಿಂದೆ ಸಿನಿಮಾ ಹಾಡು ಕೇಳಿಸುತ್ತಿದ್ದರೆ ಮಾತಿನ ನಡುವೆ ಕತ್ತರಿಸುವಂತಿಲ್ಲ, ಹಾಡು ಜಿಗಿಯುತ್ತದೆ. ಸಾಲದ್ದಕ್ಕೆ ಆ ಹಾಡಿನ ಹಕ್ಕನ್ನೂ ಕೊಳ್ಳಬೇಕಾಗಬಹುದು. ಹಿನ್ನೆಲೆಯಲ್ಲಿ ಅಕಸ್ಮಾತ್ ಕಾಣಿಸುವ ಚಿತ್ರಕಲೆ, ಶಿಲ್ಪಗಳಿಗೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಬರೆದಿದೆ. ಹಾಡಿಗೂ ಅದೇ ಅನ್ವಯಿಸುತ್ತದೆಂದು ನಂಬಿ ಕೂರಬೇಡಿ. ಶೂಟಿಂಗ್ ಹುಡುಗರಿಗೆ ಹೇಳಿಕಳಿಸಿ: ಮೊದಲು ರೇಡಿಯೊ ಆರಿಸಿ, ಸಂದರ್ಶನ ಮುಗಿದ ಮೇಲೆ ಯಾರೂ ಮಾತಾಡದೆ ಆ ಜಾಗದ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ರೂಮ್ ಟೋನ್ ಎನ್ನುವುದು ಇದಕ್ಕೇ. ಮಾತಿನ ನಡುವೆ ಬೀಳುವ ತೂತುಗಳಿಗೆ ಇದೇ ತೇಪೆ.

ರಫ್ ಕಟ್ ಆದೊಡನೆ ವಿಷಯ ಗೊತ್ತಿಲ್ಲದ ನಾಲ್ಕೈದು ಮಂದಿಗೆ ತೋರಿಸಿ. ಮುನ್ನುಡಿ ಹೇಳಬೇಡಿ. ‘ಚೆನ್ನಾಗಿದೆಯಾ’ ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಯಾರು ಯಾರಿಗೆ ಏನಾಗಬೇಕು, ಎಲ್ಲಿ ಗೊಂದಲವಾಯಿತು ಎಂದು ಕೇಳಿ. ಯಾವ ನಿಮಿಷದಲ್ಲಿ ಮೊಬೈಲ್ ಹೊರಗೆ ಬಂತು ಎಂಬುದನ್ನು ನೀವೇ ಗುರುತು ಹಾಕಿಕೊಳ್ಳಿ.

ಹಂತ 5: ಕೊರತೆ ಪಟ್ಟಿ

ಎಡಿಟರ್ ನಿರ್ಮಾಪಕರಾಗುವ ತಿರುವು ಇದು. ಅಸೆಂಬ್ಲಿ ನೋಡುವಾಗ ಇಳಕಲ್ ಸೀರೆಯ ವಿಶೇಷವಾದ ‘ತೋಪ್ ತೆನಿ’, ಅಂದರೆ ಸೆರಗಿನ ಹಾಸು ಎಳೆಗಳನ್ನು ಒಡಲಿನ ಹಾಸು ಎಳೆಗಳಿಗೆ ಕುಣಿಕೆ ಹಾಕಿ ಸೇರಿಸುವ ಕೆಲಸ, ದೂರದಿಂದ ಮಾತ್ರ ಇದೆ ಎಂದು ಗೊತ್ತಾಯಿತು ಅಂದುಕೊಳ್ಳಿ. ಎಲ್ಲರೂ ಮಾತಲ್ಲಿ ಅದನ್ನೇ ಹೊಗಳುತ್ತಾರೆ, ಬೆರಳು ಮಾತ್ರ ಎಲ್ಲೂ ಕಾಣುವುದಿಲ್ಲ. ಆಗ ‘ಕ್ಲೋಸಪ್ ಬೇಕಿತ್ತು’ ಎಂದು ಗೊಣಗುವುದರಿಂದ ಏನೂ ಆಗುವುದಿಲ್ಲ. ಹೀಗೆ ಬರೆಯಿರಿ: ‘ಬಲಗೈ ಬೆರಳು, ಮೇಲಿನಿಂದ, ಎಂಟು ಕುಣಿಕೆ ಪೂರ್ತಿ, ಕತ್ತರಿಸದೆ. ಮುಖ ಬೇಡ. ಧ್ವನಿ ಹತ್ತಿರದ್ದು. ಅರ್ಧ ದಿನ, ಇಬ್ಬರು ಸಾಕು. ಸೆರಗು ಸೇರಿಸುವ ದಿನ ಫೋನ್ ಮಾಡಿ ಕೇಳಿಕೊಂಡು ಹೋಗಬೇಕು.’ ಇಷ್ಟು ಬರೆದರೆ ದೃಶ್ಯವೂ ಬಂತು, ಖರ್ಚೂ ಬಂತು, ದಿನಾಂಕವೂ ಬಂತು. ಒಂದೆರಡು ಚಿತ್ರಗಳಿಗೆ ಹೀಗೆ ಪಟ್ಟಿ ಬರೆದುಕೊಟ್ಟ ಎಡಿಟರ್‌ಗೆ ಸಹ ನಿರ್ಮಾಪಕರ ಸ್ಥಾನ ಕೇಳುವ ಹಕ್ಕಿದೆ. ಕೇಳಿ, ಆದರೆ ಕೆಲಸ ಶುರುವಾಗುವ ಮೊದಲೇ ಕೇಳಿ. ಚಿತ್ರ ಮುಗಿದ ಮೇಲೆ ಟೈಟಲ್ ಕಾರ್ಡ್‌ಗಾಗಿ ಜಗಳವಾಡಿ ಗೆದ್ದವರು ಕಡಿಮೆ.

ಹಂತ 6: ಲಾಕ್, ಧ್ವನಿ, ಬಣ್ಣ

ಪಿಕ್ಚರ್ ಲಾಕ್ ಎಂದರೆ ಇನ್ನು ಒಂದು ಫ್ರೇಮ್ ಕೂಡ ಅಲುಗಾಡುವುದಿಲ್ಲ ಎಂಬ ಒಪ್ಪಂದ. ಲಾಕ್ ಆದ ಮೇಲೆ ನಾಲ್ಕು ಸೆಕೆಂಡ್ ತೆಗೆದರೆ ಧ್ವನಿ, ಬಣ್ಣ, ಸಬ್‌ಟೈಟಲ್ ಮೂವರೂ ಮತ್ತೆ ಕೂರಬೇಕು, ಮೂವರಿಗೂ ಮತ್ತೆ ದುಡ್ಡು ಕೊಡಬೇಕು. ಧ್ವನಿಯವರಿಗೆ ಎಎಎಫ್ ಫೈಲ್ (ಟೈಮ್‌ಲೈನ್‌ನ ಧ್ವನಿ ಜೋಡಣೆಯನ್ನು ಬೇರೆ ತಂತ್ರಾಂಶಕ್ಕೆ ಒಯ್ಯುವ ಫೈಲ್) ಕೊಡಿ, ಪ್ರತಿ ತುಣುಕಿನ ಎರಡೂ ತುದಿಯಲ್ಲಿ ಕನಿಷ್ಠ ಒಂದು ಸೆಕೆಂಡ್ ಹೆಚ್ಚುವರಿ ಇರಲಿ. ಜೊತೆಗೆ ಟೈಮ್‌ಕೋಡ್ ಮೂಡಿಸಿದ ವಿಡಿಯೊ ಕೊಡಿ. ಚಿತ್ರ 01:00:00:00ಕ್ಕೆ ಶುರುವಾಗುವುದಾದರೆ ಎರಡು ಸೆಕೆಂಡ್ ಮೊದಲು, 00:59:58:00ರಲ್ಲಿ, ಒಂದು ಫ್ರೇಮಿನ ‘ಬೀಪ್’ ಹಾಕಿ. ಸ್ಟುಡಿಯೊದಿಂದ ವಾಪಸ್ ಬಂದ ಧ್ವನಿ ಸಿಂಕ್ ಆಗಿದೆಯೋ ಇಲ್ಲವೋ ಎಂದು ಅದರಿಂದಲೇ ತಿಳಿಯುವುದು. ಇಬಿಯು (ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ) ಮಾನದಂಡ ಪಾಲಿಸುವ ವಾಹಿನಿಗಳು ಧ್ವನಿಮಟ್ಟ –23 ಎಲ್‌ಯುಎಫ್‌ಎಸ್ (ಧ್ವನಿಯ ಜೋರು ಅಳೆಯುವ ಮಾನ) ಇರಬೇಕೆನ್ನುತ್ತವೆ. ಮಾತು, ಸಂಗೀತ, ಇತರ ಸದ್ದು ಮೂರನ್ನೂ ಬೇರೆ ಬೇರೆ ಟ್ರ್ಯಾಕ್ ಆಗಿ ಕೇಳಿ ಪಡೆದುಕೊಳ್ಳಿ, ಮುಂದೆ ಇನ್ನೊಂದು ಭಾಷೆಗೆ ಡಬ್ ಮಾಡುವಾಗ ಬೇಕಾಗುತ್ತದೆ.

ಕನ್ನಡ ಅಕ್ಷರಗಳ ವಿಷಯ. ಪ್ರೀಮಿಯರ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಹೆಸರಿನ ಪಟ್ಟಿ ಬರೆದಾಗ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತರೆ ಫಾಂಟ್ ಬದಲಿಸುತ್ತ ಕೂರಬೇಡಿ. ಪ್ರಿಫರೆನ್ಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಬದಲಾಯಿಸಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ, ಹಾಗಾಗಿ ಎಲ್ಲವೂ ಯೂನಿಕೋಡ್‌ನಲ್ಲಿರಲಿ. ಊರು, ಹೆಸರುಗಳ ಕಾಗುಣಿತವನ್ನು ಆಯಾ ಮನುಷ್ಯರಿಗೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಖಚಿತಪಡಿಸಿಕೊಳ್ಳಿ.

ಹಂತ 7: ನಿರ್ಮಾಪಕರ ಕಡತ

ಭಾರತದ ಕಾಯ್ದೆಯಲ್ಲಿ (1957ರ ಹಕ್ಕುಸ್ವಾಮ್ಯ ಕಾಯ್ದೆ) ಚಲನಚಿತ್ರದ ಕರ್ತೃ ನಿರ್ಮಾಪಕರು. ಚಿತ್ರದ ಹಕ್ಕು, ಚಿತ್ರ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಇತರರಿಂದ ಹಕ್ಕು ಬರೆಸಿಕೊಳ್ಳುವಾಗ ಒಂದು ಕಲಂ ನೆನಪಿಡಿ: ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾನೂನು ತಿಳಿಯುತ್ತದೆ. ಸಂಗೀತಗಾರರ ಜೊತೆ ಅವಧಿ, ಪ್ರದೇಶ ಬರೆಯದ ಪತ್ರ ಮಾಡಿಕೊಂಡು ಆರನೇ ವರ್ಷ ವಿದೇಶಿ ವಾಹಿನಿಗೆ ಮಾರಲು ಹೊರಟವರು ಸಿಕ್ಕಿಬೀಳುವುದು ಇಲ್ಲೇ. ಹಳೆಯ ಫೋಟೊ, ಹಳೆಯ ಫುಟೇಜ್ ಕೊಳ್ಳುವಾಗಲೂ ಅಷ್ಟೇ. ‘ಚಿತ್ರೋತ್ಸವಕ್ಕೆ ಮಾತ್ರ’ ಎಂಬ ಅಗ್ಗದ ಹಕ್ಕು ತೆಗೆದುಕೊಂಡರೆ ಒಟಿಟಿಗೆ ಕೊಡುವಾಗ ಮತ್ತೆ ಚೌಕಾಸಿ. ಎರಡರ ಬೆಲೆಯನ್ನೂ ಈಗಲೇ ಬರೆಸಿಕೊಳ್ಳಿ.

ಒಪ್ಪಿಗೆ ಪತ್ರ ಅವರು ಓದುವ ಭಾಷೆಯಲ್ಲಿರಲಿ. ಓದು ಬಾರದವರಿಗೆ ಪತ್ರ ಓದಿಹೇಳಿ, ಅವರ ಒಪ್ಪಿಗೆಯನ್ನು ಕ್ಯಾಮೆರಾದ ಮುಂದೆ ದಾಖಲಿಸಿ. ಮಕ್ಕಳಿದ್ದರೆ ತಂದೆ ಅಥವಾ ತಾಯಿಯ ಸಹಿ.

ಹಣದ ಕಡೆ ಬಂದರೆ: ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ದೆಹಲಿಯ ಪಿಎಸ್‌ಬಿಟಿ (ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್), ಆಮ್‌ಸ್ಟರ್‌ಡ್ಯಾಮ್‌ನ ಇಡ್ಫಾ ಬರ್ತಾ ಫಂಡ್ ಸಾಕ್ಷ್ಯಚಿತ್ರಗಳಿಗೆ ನೆರವು ಕೊಟ್ಟಿರುವ ಸಂಸ್ಥೆಗಳು. ಡಾಕ್‌ಎಡ್ಜ್ ಕೋಲ್ಕತ್ತ ಪಿಚಿಂಗ್‌ಗೆ, ಅಂದರೆ ಹಣ ಕೊಡುವವರ ಮುಂದೆ ಚಿತ್ರದ ಯೋಜನೆ ಮಂಡಿಸುವುದಕ್ಕೆ, ಇರುವ ವೇದಿಕೆ. ನಿಯಮ, ಗಡುವು ವರ್ಷವರ್ಷ ಬದಲಾಗುತ್ತವೆ, ಅವರವರ ತಾಣದಲ್ಲೇ ನೋಡಿ. ಅರ್ಜಿಗೆ ಮೂರರಿಂದ ಐದು ನಿಮಿಷದ ಮಾದರಿ ವಿಡಿಯೊ, ಎರಡು-ಮೂರು ಪುಟದ ಬರಹ, ಬಜೆಟ್, ವೇಳಾಪಟ್ಟಿ ಬೇಕು. ಎಡಿಟರ್ ಆಗಿದ್ದವರ ಮಾದರಿ ವಿಡಿಯೊ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಬಜೆಟ್ ಚೆನ್ನಾಗಿರುವುದಿಲ್ಲ. ಎಡಿಟಿಂಗ್ ವಾರಗಳನ್ನು ಕಡಿಮೆ ಬರೆಯಬೇಡಿ, ಡಿಸ್ಕ್ ಮತ್ತು ಸಬ್‌ಟೈಟಲ್ ಮರೆಯಬೇಡಿ, ಒಟ್ಟು ಮೊತ್ತದ 10 ಪರ್ಸೆಂಟ್ ಅನಿರೀಕ್ಷಿತ ಖರ್ಚಿಗೆ ಇಡಿ. ವಿದೇಶಿ ಅನುದಾನ ನಿಮ್ಮ ಟ್ರಸ್ಟ್ ಹೆಸರಿಗೆ ಬರುವುದಾದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. ಸಹಿ ಹಾಕುವ ಮೊದಲೇ ಸಿಎ ಹತ್ತಿರ ಹೋಗಿ, ಹಣ ಬಂದ ಮೇಲೆ ಅಲ್ಲ.

ಎಡಿಟರ್ ಆಗಿ ನಿಮ್ಮ ಸಂಭಾವನೆಗೂ ಪತ್ರ ಬೇಕು. ನಾಲ್ಕು ಕಂತು ಮಾಡಿಕೊಳ್ಳಿ: ಶುರುವಿಗೆ 25, ರಫ್ ಕಟ್‌ಗೆ 25, ಲಾಕ್‌ಗೆ 30, ಕೊನೆಯ ಫೈಲ್ ಕೊಡುವ ಮೊದಲು 20 ಪರ್ಸೆಂಟ್. ಇಷ್ಟು ವಾರ ದಾಟಿದರೆ ವಾರಕ್ಕೆ ಇಷ್ಟು ಎಂಬ ಸಾಲು ಇರಲೇಬೇಕು. ಆ ಸಾಲಿಲ್ಲದ ಕರಾರಿನಲ್ಲಿ 16 ವಾರದ ಕೆಲಸ ಒಂದು ವರ್ಷ ಎಳೆಯುತ್ತದೆ.

ಹಂತ 8: ಸರ್ಟಿಫಿಕೇಟ್, ಥಿಯೇಟರ್, ಡಿಸ್ಕ್

ಸಾರ್ವಜನಿಕ ಪ್ರದರ್ಶನಕ್ಕೆ ಸಾಕ್ಷ್ಯಚಿತ್ರಕ್ಕೂ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು, ಅರ್ಜಿ ಇ-ಸಿನೆಪ್ರಮಾಣ್ ಪೋರ್ಟಲ್‌ನಲ್ಲಿ. ಚಿತ್ರೋತ್ಸವಗಳು ಬೇರೆಯಾಗಿ ವಿನಾಯಿತಿ ಪಡೆಯುತ್ತವೆ. 2023ರ ತಿದ್ದುಪಡಿಯ ನಂತರ ಯುಎ ವರ್ಗ (ಹಿರಿಯರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದದ್ದು) 7, 13, 16 ವಯಸ್ಸಿನ ಮೂರು ಭಾಗವಾಗಿದೆ, ಪ್ರಮಾಣಪತ್ರಕ್ಕೆ ಹಿಂದಿದ್ದ ಹತ್ತು ವರ್ಷದ ಮಿತಿ ಹೋಗಿದೆ. ಎತ್ತು, ಕೋಣ, ಕೋಳಿ ಕಾಣಿಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಕೇಳಬಹುದು. ಹಾಗಾಗಿ ಶೂಟಿಂಗ್ ದಿನದ ವಿವರ ಬರೆದಿಡಿ.

ಥಿಯೇಟರ್‌ಗೆ ಡಿಸಿಪಿ ಬೇಕು. ಪ್ರೊಜೆಕ್ಟರ್ ಸರ್ವರ್ ಓದುವ ವಿಶೇಷ ಫೈಲ್ ಗೊಂಚಲು ಅದು. ಡಿಸಿಪಿ-ಒ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಿಕೊಳ್ಳಬಹುದು. 25 ಫ್ರೇಮ್ ಚಿತ್ರವಾದರೆ ಡಿಸಿಪಿಯ ಎರಡು ಮಾದರಿಗಳಲ್ಲಿ ಎಸ್‌ಎಂಪಿಟಿಇ ಎಂಬುದನ್ನು ಆರಿಸಿ. ಪ್ರದರ್ಶನದ ಹಿಂದಿನ ದಿನವೇ ಹೋಗಿ ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ಓಡಿಸಿ ನೋಡಿ. ಸಬ್‌ಟೈಟಲ್ ಪರದೆಯ ಅಂಚಿನಾಚೆ ಹೋಗಿದೆಯೇ, ಧ್ವನಿ ಮಧ್ಯದ ಸ್ಪೀಕರ್‌ನಿಂದ ಬರುತ್ತಿದೆಯೇ, ಎರಡೇ ಪ್ರಶ್ನೆ.

ಮಾಸ್ಟರ್ ಪ್ರತಿ 4ಕೆ ಪ್ರೊರೆಸ್ ಎಚ್‌ಕ್ಯೂನಲ್ಲಿ 52 ನಿಮಿಷಕ್ಕೆ 290 ಜಿಬಿಯಷ್ಟಾಗುತ್ತದೆ. ಅಕ್ಷರವಿಲ್ಲದ ಮಾಸ್ಟರ್ ಒಂದು, ಸಬ್‌ಟೈಟಲ್‌ನ ಎಸ್‌ಆರ್‌ಟಿ ಫೈಲ್, ಪ್ರಾಜೆಕ್ಟ್ ಫೈಲ್, ಬಳಸಿದ ಫಾಂಟ್, ಎಲ್ಲ ಸಹಿಗಳ ಸ್ಕ್ಯಾನ್ ಒಂದೇ ಫೋಲ್ಡರ್‌ನಲ್ಲಿ ಹಾಕಿ ಮೂರು ಡಿಸ್ಕ್‌ಗೂ ಪ್ರತಿ ಮಾಡಿ. ಡಿಸ್ಕ್ ಮೇಲೆ ಚಿತ್ರದ ಹೆಸರು, ಕೊಂಡ ತಿಂಗಳು, ಒಳಗೆ ಏನಿದೆ ಎಂದು ಬರೆದು ಅಂಟಿಸಿ. ಆರು ತಿಂಗಳಿಗೊಮ್ಮೆ ಪ್ರತಿಯೊಂದನ್ನೂ ಹಚ್ಚಿ, ಚೆಕ್‌ಸಮ್ ಓಡಿಸಿ. ಐದು ವರ್ಷ ದಾಟಿದ ಡಿಸ್ಕ್‌ನಿಂದ ಹೊಸದಕ್ಕೆ ಇಳಿಸಿಕೊಳ್ಳಿ, ಆ ಖರ್ಚನ್ನು ಮುಂದಿನ ಚಿತ್ರದ ಬಜೆಟ್‌ನಲ್ಲಿ ಒಂದು ಸಾಲಾಗಿ ಸೇರಿಸಿ.